ಹೊರೆ, ನೊಗ ಮತ್ತು ದಾರಿ

“ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮನೆಯಲ್ಲಿ ಅತ್ತೆ ಒಂದೆಡೆಗೂ ಸೊಸೆ ಇನ್ನೊಂದೆಡೆಗೂ ನಡೆದಾಗ, ಸಂಘದಲ್ಲಿ ಅಧ್ಯಕ್ಷರಿಗೂ ಕಾರ್ಯದರ್ಶಿಗಳಿಗೂ ಒಗ್ಗದಿದ್ದಾಗ ಈ ಮಾತು ನಮ್ಮ ನಾಲಗೆಗೆ ತಾನಾಗಿ ಬರುತ್ತದೆ. ಆದರೆ ಈ ಗಾದೆಯನ್ನು ಕಟ್ಟಿದಾತ ನೊಗದ ಮರ್ಮವನ್ನು ಬಲ್ಲವನು. ಎತ್ತು ಬಲವಾಗಿದೆ, ಕೋಣವೂ ಬಲವಾಗಿದೆ. ಒಂದೊಂದನ್ನೇ ನೋಡಿದರೆ ಯಾವುದರಲ್ಲೂ ಕುಂದಿಲ್ಲ. ಎರಡನ್ನೂ ಒಂದೇ ನೊಗಕ್ಕೆ ಹೂಡಿದ್ದರಲ್ಲಿ ತಪ್ಪು ನಡೆದಿದೆ. ಎಳೆಯುವುದಕ್ಕೂ ಎಳೆಸಿಕೊಳ್ಳುವುದಕ್ಕೂ ಹೊಂದಾಣಿಕೆ ಬೇಕು ಎಂಬ ಈ ಸಣ್ಣ ಸತ್ಯವನ್ನು ಮರೆತು ದೊಡ್ಡ ದೊಡ್ಡ ಸೇನಾಪತಿಗಳು ಸೋತಿದ್ದಾರೆ, ನೆನಪಿಟ್ಟವರು ಗೆದ್ದಿದ್ದಾರೆ. ಆ ಚರಿತ್ರೆಯ ಒಂದು ಭಾಗ ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮಣ್ಣಿನಲ್ಲಿಯೇ ನಡೆಯಿತು.

ಇಂದು ಈ ಊರುಗಳ ಪೇಟೆ ಬೀದಿಯಲ್ಲಿ ನೀವು ಒಂದು ಗಳಿಗೆ ನಿಂತರೆ ಸಾಕು. ಮೆಕ್ಕೆಜೋಳ ಹೇರಿದ ಟ್ರೇಲರನ್ನು ಎಳೆದುಕೊಂಡು ಒಂದು ಟ್ರ್ಯಾಕ್ಟರು ಹೋಗುತ್ತದೆ. ಹಿಂದೆಯೇ ಅಡಿಕೆ ಚೀಲಗಳ ಗಾಡಿ ಬರುತ್ತದೆ. ಮಲೆನಾಡಿನ ಕಡೆ ಮೋಟಾರು ಪಂದ್ಯಗಳು ನಡೆಯುವ ದಿನಗಳಲ್ಲಿ, ಪಂದ್ಯದ ಕಾರನ್ನು ಟ್ರೇಲರಿನ ಮೇಲೆ ಕಟ್ಟಿ ಮತ್ತೊಂದು ವಾಹನ ಎಳೆದೊಯ್ಯುವುದೂ ಹೊಸತಲ್ಲ. ನಾವು ನೋಡುವುದು ಹೊರೆಯನ್ನು, ಹೊಗಳುವುದು ಎಂಜಿನ್ನನ್ನು. “ಎಷ್ಟು ಅಶ್ವಶಕ್ತಿ?” ಎಂಬುದೇ ನಮ್ಮ ಮೊದಲ ಪ್ರಶ್ನೆ. ಎರಡನ್ನೂ ಕೂಡಿಸಿರುವ ಕೊಂಡಿಯನ್ನಾಗಲಿ, ಮುಂದೆ ಬರಲಿರುವ ದಾರಿಯನ್ನಾಗಲಿ ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಚರಿತ್ರೆಯ ಪಾಠ ಇದಕ್ಕೆ ತಿರುವುಮುರುವು. ದಾರಿಯನ್ನು ಮೊದಲು ನೋಡು, ಕೊಂಡಿಯನ್ನು ಆಮೇಲೆ ನೋಡು, ಬಲವನ್ನು ಕೊನೆಗೆ ನೋಡು ಎಂದು ಅದು ಹೇಳುತ್ತದೆ.

ದಾರಿ ಎಂದೆನಲ್ಲವೇ? ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದು ಕೂಡಿದವು. ನ್ಯಾಮತಿ ಈಚೆಗೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಜಿಲ್ಲೆ ಒಂದಾದರೂ ನೆಲ ಒಂದಲ್ಲ. ಚನ್ನಗಿರಿಯದು ಸೂಳೆಕೆರೆಯ ನೀರು, ಭದ್ರಾ ನಾಲೆಯ ನೀರು, ಅಡಿಕೆ ತೋಟ, ಗದ್ದೆಯ ಕೆಸರು. ಹೊನ್ನಾಳಿಯದು ತುಂಗಭದ್ರೆಯ ದಂಡೆ. ಮಳೆ ಬಿದ್ದರೆ ಎರೆಯ ಮಣ್ಣು ಗಾಲಿಗೆ ಅಂಟಿ ಗಾಲಿಯೇ ದಪ್ಪವಾಗುವ ಸೀಮೆ. ನ್ಯಾಮತಿ ಮಲೆನಾಡಿನ ಸೆರಗು; ಅಲ್ಲಿ ಏರು, ಇಳಿಜಾರು. ಜಗಳೂರು ಬಯಲುಸೀಮೆ, ಕಲ್ಲು, ಬಿಸಿಲು, ನೀರಿನ ಬರ. ಗದ್ದೆಗೆ ಒಗ್ಗಿದ ಜೋಡಿ ಕಲ್ಲುದಾರಿಯಲ್ಲಿ ಕುಂಟುತ್ತದೆ. ಬಯಲಿನಲ್ಲಿ ಓಡುವ ಜೋಡಿ ಎರೆಯಲ್ಲಿ ಹೂತುಕೊಳ್ಳುತ್ತದೆ.

ಇದರ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಎತ್ತು ದಿನವಿಡೀ ದಣಿಯದೆ ಎಳೆಯಬಲ್ಲದ್ದು ತನ್ನ ಮೈತೂಕದ ಸುಮಾರು ಹತ್ತನೆಯ ಒಂದು ಪಾಲು. ೪೦೦ ಕಿಲೋ ತೂಗುವ ಎರಡು ಎತ್ತುಗಳ ಜೋಡಿಯ ಎಳೆತ, ಹಾಗಾದರೆ, ೮೦ ಕಿಲೋ. ಗಂಟೆಗೆ ಎರಡು ಮೈಲಿ ನಡೆದರೆ ಅದು ಹೆಚ್ಚು ಕಡಮೆ ಒಂದು ಅಶ್ವಶಕ್ತಿ. ಒಂದು ಟನ್ ಹೊರೆಯ ರಬ್ಬರ್ ಗಾಲಿಯ ಗಾಡಿಗೆ ಒಳ್ಳೆಯ ಗಟ್ಟಿ ರಸ್ತೆಯಲ್ಲಿ ೨೦-೩೦ ಕಿಲೋ ಎಳೆತ ಸಾಕು. ಅದೇ ಗಾಡಿ ಕೆಸರಿಗೆ ಇಳಿದರೆ ೧೦೦ ಕಿಲೋ ಸಾಲದೆ ಹೋಗಬಹುದು. ಇಪ್ಪತ್ತು ಅಡಿಗೆ ಒಂದು ಅಡಿ ಏರುವ ದಿಣ್ಣೆ ಬಂದರೆ ಪ್ರತಿ ಟನ್ನಿಗೆ ಮತ್ತೆ ೫೦ ಕಿಲೋ ಸೇರಿಸಬೇಕು. ಹೊರೆ ಎಳ್ಳಷ್ಟೂ ಹೆಚ್ಚಲಿಲ್ಲ; ದಾರಿ ಬದಲಾಯಿತು, ಅಷ್ಟೆ. ಆದುದರಿಂದ ಬಲ್ಲವರು ಪಯಣದ ಅತ್ಯಂತ ಕೆಟ್ಟ ಅರ್ಧ ಮೈಲಿಯನ್ನು ಕಣ್ಣಮುಂದೆ ಇಟ್ಟುಕೊಂಡು ಜೋಡಿಯನ್ನು ಆರಿಸುತ್ತಿದ್ದರು.

ಹದಿನೆಂಟನೆಯ ಶತಮಾನದಲ್ಲಿ ಈ ಲೆಕ್ಕ ರಾಜ್ಯಗಳ ಹಣೆಬರಹವನ್ನೇ ಬರೆಯುತ್ತಿತ್ತು. ಕಾರಣ, ಫಿರಂಗಿ. ಕೋಟೆಯ ಗೋಡೆಯನ್ನು ಒಡೆಯುವ ೨೪ ಪೌಂಡು ಗುಂಡಿನ ಕಬ್ಬಿಣದ ತೋಪಿನ ನಳಿಗೆಯೊಂದೇ ಎರಡೂವರೆ ಟನ್ನಿನಷ್ಟು ತೂಗುತ್ತಿತ್ತು. ಅದರ ಗಾಲಿಮಂಚ ಬೇರೆ, ಗುಂಡು ಬೇರೆ, ಮದ್ದು ಬೇರೆ. ತೋಪಿನ ಬಾಲಕ್ಕೆ ಮುಂದೆ ಎರಡು ಗಾಲಿಯ ಇನ್ನೊಂದು ಪುಟ್ಟ ಗಾಡಿಯನ್ನು ಕೀಲಿನಿಂದ ಕೂಡಿಸಿ, ಅದಕ್ಕೆ ಎತ್ತುಗಳನ್ನು ಸಾಲುಗಟ್ಟಿ ಹೂಡುತ್ತಿದ್ದರು. ಇಂದು ನಾವು ಟ್ರೇಲರು ಎನ್ನುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಯುರೋಪಿನ ಮುತ್ತಿಗೆಯ ತೋಪುಗಳಲ್ಲಿ ನಳಿಗೆಯನ್ನು ಕೂರಿಸಲು ಎರಡು ಜಾಗಗಳಿರುತ್ತಿದ್ದವು: ಗುಂಡು ಹಾರಿಸುವಾಗ ಒಂದು, ಪಯಣದಲ್ಲಿ ಇನ್ನೊಂದು. ದಾರಿಯಲ್ಲಿ ನಳಿಗೆಯನ್ನು ಬಾಲದ ಕಡೆಗೆ ಸರಿಸಿ ಇಡುತ್ತಿದ್ದರು. ಹಾಗೆ ಮಾಡಿದರೆ ಭಾರವೆಲ್ಲ ಒಂದೇ ಅಚ್ಚಿನ ಮೇಲೆ ಕೂರದೆ ಮುಂದಿನ ಗಾಡಿಗೂ ಹಂಚಿಹೋಗುತ್ತದೆ. ಹೊರೆ ಎಷ್ಟು ಎಂಬುದರ ಜೊತೆಗೆ ಹೊರೆ ಎಲ್ಲಿ ಕೂತಿದೆ ಎಂಬುದೂ ಮುಖ್ಯವೆಂದು ಅವರು ಆಗಲೇ ಅರಿತಿದ್ದರು.

ತೋಪು ಎರಕ ಹೊಯ್ಯುವುದನ್ನು ಯಾರಾದರೂ ಕಲಿಯಬಹುದು. ಅದನ್ನು ಎಳೆಯುವ ಎತ್ತನ್ನು ಎರಕ ಹೊಯ್ಯಲು ಬರುವುದಿಲ್ಲ. ಇಲ್ಲಿ ಮೈಸೂರು ರಾಜ್ಯ ಮಿಕ್ಕವರಿಗಿಂತ ಮುಂದಾಲೋಚನೆ ತೋರಿತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ ೧೬೭೨ರಿಂದ ೧೭೦೪ರವರೆಗಿನ ಆಳ್ವಿಕೆಯಲ್ಲಿ, ಅರಮನೆಯ ಹಸುಗಳ ಮಂದೆಗೆ “ಬೆಣ್ಣೆ ಚಾವಡಿ” ಎಂಬ ಇಲಾಖೆಯಿತ್ತು. ಹೆಸರು ಬೆಣ್ಣೆಯದು, ಹೈದರಾಲಿಯ ಕಣ್ಣಿಗೆ ಅದರಲ್ಲಿ ಕಂಡದ್ದು ಎತ್ತು. ಟಿಪ್ಪು ಸುಲ್ತಾನ ಅದಕ್ಕೆ “ಅಮೃತಮಹಲ್” ಎಂದು ಹೆಸರಿಟ್ಟು, ಇಲಾಖೆ ಹೇಗೆ ನಡೆಯಬೇಕೆಂಬುದಕ್ಕೆ ಹುಕುಂನಾಮೆಯನ್ನು ಹೊರಡಿಸಿದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳು ಈ ತಳಿಗೆ ಮೂಲವೆಂದು ಹೇಳುತ್ತಾರೆ. ಮೂರನೆಯದರ ಹೆಸರನ್ನು ಕೇಳಿದರೆ ಜಗಳೂರಿನವರು ಇದರಲ್ಲಿ ತಮ್ಮ ಸೀಮೆಯ ಪಾಲೂ ಉಂಟೆಂದು ಹೆಮ್ಮೆಪಡಬಹುದು.

ಅಮೃತಮಹಲ್ ಎತ್ತು ನೋಡಲು ಭಾರಿಯಲ್ಲ. ಬೂದು ಮೈ, ಬಿಗಿದ ಮಾಂಸಖಂಡ, ಹಿಂದಕ್ಕೆ ಬಾಗಿ ಮತ್ತೆ ಮೇಲೆದ್ದ ಚೂಪು ಕೊಂಬು, ಕಲ್ಲಿನಂತಹ ಗೊರಸು, ಅಪರಿಚಿತರನ್ನು ಹತ್ತಿರ ಸೇರಿಸದ ಸ್ವಭಾವ. ಹಸು ಕರೆಯುವ ಹಾಲು ಕರುವಿಗೇ ಸರಿ. ಹಾಲಿಗಾಗಿ ಅದನ್ನು ಸಾಕಿದವರಿಲ್ಲ. ವೇಗ ಮತ್ತು ತಾಳಿಕೆ ಎಂಬ ಎರಡೇ ಗುಣಗಳನ್ನು ಕಣ್ಣಿಟ್ಟು ತಲೆಮಾರುಗಳ ಕಾಲ ಆರಿಸಿದ ಫಲ ಅದು. ಈ ಮಂದೆಗಳಿಗಾಗಿ ರಾಜ್ಯದ ಉದ್ದಗಲಕ್ಕೆ ಕಾವಲುಗಳನ್ನು ಕಾಯ್ದಿರಿಸಿದ್ದರು. ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಕಾವಲು. ಹುಲ್ಲು ಮತ್ತು ನೀರು ಇದ್ದಲ್ಲಿಗೆ ಮಂದೆ ನಡೆಯುತ್ತಿತ್ತು. ವರ್ಷಕ್ಕೊಮ್ಮೆ ಎಣಿಕೆಯಾಗುತ್ತಿತ್ತು. ಕರು ಹುಟ್ಟಿದ ದಿನದಿಂದ ನೊಗಕ್ಕೆ ಹೂಡುವ ದಿನದವರೆಗೆ ವರ್ಷಗಳ ತಾಳ್ಮೆ ಬೇಕು. ಕಾಡಿನಂತೆ ಬೆಳೆದ ದನವನ್ನು ಪಳಗಿಸುವ ಕೆಲಸ ಬೇರೆ. ಯುದ್ಧ ಬಂದಾಗ ಸಂತೆಯಲ್ಲಿ ಕೊಳ್ಳುವ ಸರಕು ಅದಾಗಿರಲಿಲ್ಲ.

ಫಲವೇನಾಯಿತು? ೧೭೮೧ರಲ್ಲಿ ಇಂಗ್ಲಿಷರು ಚಿದಂಬರದ ಮೇಲೆ ಬಿದ್ದಾಗ ಹೈದರಾಲಿ ಎರಡೂವರೆ ದಿನದಲ್ಲಿ ೧೦೦ ಮೈಲಿ ನಡೆದು ಅಲ್ಲಿಗೆ ಮುಟ್ಟಿದ. ಅದು ಸಾಧ್ಯವಾದದ್ದು ಈ ಎತ್ತುಗಳಿಂದ ಎಂದು ಮೈಸೂರಿನ ಗ್ಯಾಸೆಟಿಯರು ಬರೆದಿಟ್ಟಿದೆ. ಸೋತ ದಿನವೂ ಶತ್ರುವಿನ ಕಣ್ಣೆದುರಿಗೇ ತನ್ನ ತೋಪುಗಳನ್ನು ಅವನು ಎಳೆದೊಯ್ಯುತ್ತಿದ್ದನಂತೆ. ೧೭೮೩ರಲ್ಲಿ ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಒಂದು ತಿಂಗಳಲ್ಲಿ ಪರ್ಯಾಯ ದ್ವೀಪವನ್ನು ದಾಟಿ ಬಂದುದನ್ನೂ ಅದೇ ಗ್ರಂಥ ಈ ಎತ್ತುಗಳ ಲೆಕ್ಕಕ್ಕೆ ಬರೆಯುತ್ತದೆ.

ಈಗ ಇದಕ್ಕೆ ಎದುರಾದ ಚಿತ್ರವನ್ನು ನೋಡಿ. ೧೭೯೧ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದ. ಬೆಂಗಳೂರು ಆಗಲೇ ಅವನ ಕೈಸೇರಿತ್ತು. ಅರಕೆರೆಯ ಬಳಿ ಕಾದಾಟದಲ್ಲಿಯೂ ಅವನದೇ ಮೇಲುಗೈ. ಕೋಟೆಯೊಡೆಯುವ ತೋಪುಗಳು ಅವನ ಬಳಿ ಇದ್ದವು. ಇಲ್ಲದೆ ಹೋದದ್ದು ಎಳೆಯುವ ಎತ್ತು. ಮಳೆ ಹಿಡಿದಿತ್ತು, ಮೇವಿರಲಿಲ್ಲ, ರೋಗ ಬಡಿದಿತ್ತು. ದನಗಳು ಸಾಲುಸಾಲಾಗಿ ಸತ್ತವು. ರಾಜಧಾನಿ ಕಣ್ಣೆದುರಿಗಿದ್ದಂತೆಯೇ ಕಾರ್ನ್‌ವಾಲಿಸ್ ತನ್ನ ಭಾರಿ ತೋಪುಗಳನ್ನು ತಾನೇ ಸಿಡಿಸಿ ನಾಶಮಾಡಿ, ಹಿಂದಿರುಗಬೇಕಾಯಿತು. ಶತ್ರುವಿನ ಗುಂಡು ಮಾಡದ ಕೆಲಸವನ್ನು ಖಾಲಿ ನೊಗ ಮಾಡಿತು.

ಮುಂದಿನ ವರ್ಷ ಅವನು ಮತ್ತೆ ಬಂದಾಗ ಸೇನೆಯ ಹಿಂದೆ ಬಂಜಾರರ ಹೇರೆತ್ತುಗಳಿದ್ದವು. ಇವರನ್ನು ನಾವು ಇಲ್ಲಿ ನೆನೆಯಲೇಬೇಕು. ಬಂಜಾರರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಭಕ್ತಿಯಿಂದ ಕಾಣುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿಯೇ ಇದೆ. ಸೇವಾಲಾಲರು ಜನಿಸಿದ್ದು ೧೭೩೯ರಲ್ಲಿ ಎಂಬುದು ಸಂಪ್ರದಾಯ. ಉಪ್ಪು, ಧಾನ್ಯಗಳನ್ನು ಎತ್ತಿನ ಬೆನ್ನ ಮೇಲೆ ಹೇರಿ ನಾಡಿನಿಂದ ನಾಡಿಗೆ ನಡೆದವರು ಇವರು. ಗಾಡಿ ಇದ್ದೂ ಬೆನ್ನಿಗೇಕೆ ಹೇರಿದರು ಎಂದು ನೀವು ಕೇಳಬಹುದು. ಗಾಡಿಗೆ ದಾರಿ ಬೇಕು. ಹೇರೆತ್ತಿಗೆ ಕಾಲುಹಾದಿ ಸಾಕು. ಒಂದು ಗಾಡಿ ಮುರಿದರೆ ಹಿಂದಿನ ನೂರು ಗಾಡಿಗಳು ನಿಲ್ಲುತ್ತವೆ; ಒಂದು ಎತ್ತು ಬಿದ್ದರೆ ಅದರ ಎರಡು ಚೀಲವನ್ನು ಮತ್ತೊಂದರ ಮೇಲೆ ಹಾಕಿ ನಡೆಯಬಹುದು. ದಾರಿಯಿಲ್ಲದ ನಾಡಿಗೆ ಅದೇ ತಕ್ಕ ಏರ್ಪಾಡಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲಕ್ಕೆ ಮೈಸೂರಿನಲ್ಲಿ ಸುಮಾರು ೧,೬೦೦ ಮೈಲಿ ರಸ್ತೆಯೂ ೩೦೦ಕ್ಕೂ ಮಿಕ್ಕ ಸೇತುವೆಗಳೂ ಆದ ಮೇಲೆ ಹೇರು ಹಿಂದೆ ಸರಿದು ಗಾಡಿ ಮುಂದೆ ಬಂದಿತು.

ಶ್ರೀರಂಗಪಟ್ಟಣ ೧೭೯೯ರ ಮೇ ೪ರಂದು ಬಿದ್ದಾಗ ಅಲ್ಲಿನ ಸೆರೆಯಿಂದ ಹೊರಬಂದವರಲ್ಲಿ ಒಬ್ಬ ನಮ್ಮ ಚನ್ನಗಿರಿಯವನು: ಧೋಂಡಿಯ ವಾಘ್. ಮರಾಠಾ ಮನೆತನದಲ್ಲಿ ಹುಟ್ಟಿ, ಮೈಸೂರಿನ ಸೇನೆಯಲ್ಲಿ ಬೆಳೆದು, ಟಿಪ್ಪುವಿನ ಸೆರೆಯಲ್ಲಿ ವರ್ಷಗಳನ್ನು ಕಳೆದ ಈತ ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಚದುರಿದ ಸವಾರರನ್ನು ಕೂಡಿಸಿಕೊಂಡ. ಬಿದನೂರು ಸೀಮೆಯಲ್ಲಿ ತನ್ನದೇ ಆಳ್ವಿಕೆಯನ್ನು ಸಾರಿ, ಎರಡು ಲೋಕಗಳ ಒಡೆಯನೆಂದು ಬಿರುದು ಧರಿಸಿದ. ಇವನ ಬಲವೆಲ್ಲ ಕುದುರೆ. ತುಂಗಭದ್ರೆಯ ಎರಡೂ ದಡಗಳ ದಾರಿಗಳು ಇವನಿಗೆ ಅಂಗೈ ಗೆರೆ. ೧೭೯೯ರ ಆಗಸ್ಟಿನಲ್ಲಿ ಶಿಕಾರಿಪುರದ ಬಳಿ ಸೋತರೂ ಸಿಕ್ಕಿಬೀಳದೆ ಉತ್ತರಕ್ಕೆ ಜಾರಿ, ಮರುವರ್ಷ ಇನ್ನೂ ದೊಡ್ಡ ದಂಡು ಕಟ್ಟಿಕೊಂಡ.

ಇವನ ಬೆನ್ನು ಹತ್ತಿದವನು ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿದ ಆರ್ಥರ್ ವೆಲ್ಲೆಸ್ಲಿ. ೧೮೦೦ರ ಜೂನಿನಲ್ಲಿ ಹರಿಹರದ ಬಳಿ ಅವನು ತುಂಗಭದ್ರೆಯನ್ನು ದಾಟಿದ. ಓಡುವ ಕುದುರೆಯನ್ನು ತೋಪಿನ ಗಾಡಿ ಹಿಡಿಯುವುದೆಂತು? ಆದರೆ ವೆಲ್ಲೆಸ್ಲಿಯ ಕೈಯಲ್ಲಿ ಈಗ ಟಿಪ್ಪುವಿನ ಅಮೃತಮಹಲ್ ಎತ್ತುಗಳಿದ್ದವು. ಒಳ್ಳೆಯ ದನ, ಅದನ್ನು ಬಲ್ಲ ಹೊಡೆಯುವವನು, ಹೊತ್ತು ಹೊತ್ತಿಗೆ ಮೇವು, ಇವು ಇಲ್ಲದೆ ವೇಗದ ನಡೆ ಅಸಾಧ್ಯವೆಂಬುದು ಅವನ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಅಭಿಪ್ರಾಯ. ತೋಪೂ ಧಾನ್ಯವೂ ಹಿಂದುಳಿಯದೆ ಬಂದುದರಿಂದ ಕೋಟೆಯ ಮೇಲೆ ಕೋಟೆ ಅವನ ವಶವಾಯಿತು; ಧೋಂಡಿಯನಿಗೆ ನಿಲ್ಲಲು ನೆಲೆ ಉಳಿಯಲಿಲ್ಲ. ಕೊನೆಯ ಗಳಿಗೆ ಕುದುರೆಗಳದೇ. ಸೆಪ್ಟೆಂಬರ್ ೧೦ರಂದು ರಾಯಚೂರು ಸೀಮೆಯ ಕೋಣಗಲ್ಲಿನ ಬಳಿ ವೆಲ್ಲೆಸ್ಲಿಯ ನಾಲ್ಕು ಸವಾರ ಪಡೆಗಳ ಧಾಳಿಯಲ್ಲಿ ಚನ್ನಗಿರಿಯ ವೀರ ಮಡಿದ. ಆದರೆ ಅವನನ್ನು ಆ ಬಯಲಿನವರೆಗೆ ಅಟ್ಟಿದ ಎರಡು ತಿಂಗಳ ಬೆನ್ನಟ್ಟುವಿಕೆ ಎತ್ತುಗಳ ಮೇಲೆ ನಿಂತಿತ್ತು. ಒಂಬತ್ತು ವರ್ಷದ ಹಿಂದೆ ಎತ್ತಿಲ್ಲದೆ ತೋಪು ಸಿಡಿಸಿಕೊಂಡ ಸೇನೆಯೇ ಇದು ಎಂಬುದನ್ನು ನೆನೆದರೆ ಎರಡರ ಅಂತರ ತಿಳಿಯುತ್ತದೆ.

ಇಷ್ಟು ಪೆಟ್ಟು ತಿಂದು ಕಲಿತದ್ದನ್ನೂ ಮನುಷ್ಯ ಮರೆಯುತ್ತಾನೆ. ೧೭೯೯ರ ನಂತರ ಆರೈಕೆ ತಪ್ಪಿ ಮಂದೆಗಳು ಕೆಟ್ಟವು. ೧೮೧೩ರಲ್ಲಿ ಮದರಾಸಿನ ಸೇನಾ ಸರಬರಾಯಿ ಶಾಖೆಯ ಕ್ಯಾಪ್ಟನ್ ಹಾರ್ವೆಗೆ ಅವುಗಳ ಭಾರವನ್ನು ಒಪ್ಪಿಸಿದ ಮೇಲೆ ಚೇತರಿಸಿದವು. ೧೮೬೦ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್ನರಿಗೆ ಈ ಖರ್ಚು ದಂಡವೆಂದು ತೋರಿತು. ಯುದ್ಧವಿಲ್ಲದಾಗ ಎತ್ತು ಸಾಕುವುದೇಕೆ? ಮಂದೆಗಳನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ಸೇನೆಗೆ ತಕ್ಕ ಎತ್ತು ಪೇಟೆಯಲ್ಲಿ ಸಿಕ್ಕದಂತಾಗಿ, ೧೮೬೦ರ ದಶಕ ಮುಗಿಯುವುದರೊಳಗೆ ಇಲಾಖೆಯನ್ನು ಮತ್ತೆ ತೆರೆಯಬೇಕಾಯಿತು. ೧೮೮೦ರ ದಶಕದ ಮೊದಲಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂದಿತು. ೧೯೨೯ರಲ್ಲಿ, ಚನ್ನಗಿರಿಗೆ ನೇರ ದಕ್ಷಿಣದಲ್ಲಿರುವ ಅಜ್ಜಂಪುರದಲ್ಲಿ ತಳಿ ಸಂವರ್ಧನ ಕೇಂದ್ರ ಸ್ಥಾಪನೆಯಾಯಿತು. ಆ ಕೇಂದ್ರ ಇಂದಿಗೂ ಇದೆ.

ಸೇನೆಯ ದೊಡ್ಡ ಮಾತಿನಿಂದ ಈಗ ಹಳ್ಳಿಯ ಗಾಡಿಗೆ ಬರೋಣ. ನಿಮ್ಮ ಮನೆಯ ಹಿರಿಯರನ್ನು ಕೇಳಿ. ಗಾಡಿಗೆ ಚೀಲ ಹೇರುವಾಗ “ಮುಂಭಾರ, ಹಿಂಭಾರ” ನೋಡದೆ ಅವರು ಹೊರಡುತ್ತಿರಲಿಲ್ಲ. ಎರಡು ಗಾಲಿಯ ಗಾಡಿ ತಕ್ಕಡಿಯಂತೆ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಜೊತ್ತಿಗೆ ಎತ್ತಿನ ಗಂಟಲನ್ನು ಬಿಗಿಯುತ್ತದೆ. ಮುಂಭಾರ ಮಿತಿಮೀರಿದರೆ ನೊಗ ಹೆಗಲನ್ನು ಅರೆದು ಹುಣ್ಣು ಮಾಡುತ್ತದೆ. ನೊಗದ ಮೇಲೆ ಇಷ್ಟೇ ಇಷ್ಟು ಭಾರ ಕೂರಬೇಕು. ಅನುಭವಸ್ಥನು ಮೂಕಿಯನ್ನು ಕೈಯಿಂದ ಎತ್ತಿ ನೋಡಿ, ಒಂದು ಚೀಲವನ್ನು ಮುಂದಕ್ಕೆ ಇಲ್ಲವೆ ಹಿಂದಕ್ಕೆ ಸರಿಸಿ ಅದನ್ನು ಸರಿತೂಗಿಸುತ್ತಿದ್ದ. ಗಾಲಿಗೆ ಕೀಲೆಣ್ಣೆ, ಅಚ್ಚಿನ ತುದಿಗೆ ಕಡಾಣಿ, ಇಳಿಜಾರಿಗೆ ಗಾಲಿಯನ್ನು ಒತ್ತಿ ಹಿಡಿಯುವ ಮರದ ದಿಮ್ಮಿ. ಪಯಣದ ಮುನ್ನ ಇವನ್ನೆಲ್ಲ ನೋಡಿಕೊಳ್ಳುವುದು ಅವನಿಗೆ ದೇವರಿಗೆ ಕೈಮುಗಿದಷ್ಟೇ ಸಹಜವಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಕಬ್ಬಿಣದ ಹಳಿಯ ಮರದ ಗಾಲಿಯ ಜಾಗಕ್ಕೆ ರಬ್ಬರ್ ಟೈರು ಬಂದು “ಡನ್ಲಪ್ ಗಾಡಿ” ಎಂಬ ಮಾತು ಕನ್ನಡದ್ದೇ ಆಯಿತು. ಅದೇ ಜೋಡಿ ಗಟ್ಟಿ ರಸ್ತೆಯಲ್ಲಿ ಮೊದಲಿಗಿಂತ ಹೆಚ್ಚು ಹೊರೆ ಎಳೆಯತೊಡಗಿತು. ಆದರೆ ತಡೆ ಹಳೆಯದೇ ಉಳಿದರೆ ಇಳಿಜಾರಿನಲ್ಲಿ ಆ ಹೆಚ್ಚಿನ ಹೊರೆಯೇ ಎತ್ತನ್ನು ತಳ್ಳಿಕೊಂಡು ಬರುತ್ತದೆ. ಆಮೇಲೆ ಟ್ರ್ಯಾಕ್ಟರು. ೧೯೫೯ರಲ್ಲಿ ಐಷರ್ ಕಂಪನಿ ಭಾರತದಲ್ಲಿಯೇ ಟ್ರ್ಯಾಕ್ಟರು ತಯಾರಿಸಿತು. ೧೯೬೦ರ ದಶಕದಲ್ಲಿ ಇತರರೂ ಸೇರಿದರು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನೀರು ಹರಿದಂತೆ ಚನ್ನಗಿರಿ, ಹೊನ್ನಾಳಿಗಳ ನೆಲದಲ್ಲಿ ಬೆಳೆ ಹೆಚ್ಚಿತು. ಸಾಗಿಸುವ ಹೊರೆಯೂ ಹೆಚ್ಚಿತು. ಒಂದು ಜೋಡಿಯ ಒಂದು ಅಶ್ವಶಕ್ತಿಯ ಎದುರು ಮೂವತ್ತೈದು, ನಲವತ್ತು ಅಶ್ವಶಕ್ತಿ! ಮುಂಭಾರ ಹಿಂಭಾರದ ಮಾತನ್ನು ನಾವು ಮರೆತದ್ದು ಆಗಲೇ. ಎಂಜಿನ್ನಿಗೆ ಹೆಗಲಿಲ್ಲ, ಹುಣ್ಣಾಗುವುದಿಲ್ಲ, ಕೂಗಿಕೊಳ್ಳುವುದೂ ಇಲ್ಲ ಎಂದು ತಿಳಿದೆವು.

ಅದು ಕೂಗಿಕೊಳ್ಳುತ್ತದೆ, ಭಾಷೆ ಬೇರೆ. ಹೊರೆ ಮಿತಿಮೀರಿದ ಟ್ರ್ಯಾಕ್ಟರು ಏರಿನಲ್ಲಿ ಮುಂದಿನ ಗಾಲಿಗಳನ್ನು ನೆಲದಿಂದ ಎತ್ತುತ್ತದೆ. ಪಂದ್ಯದ ಕಾರನ್ನು ಟ್ರೇಲರಿನ ಮೇಲೆ ಒಯ್ಯುವವರು ಆ ಕಾರಿನ ತೂಕವನ್ನೇ ನೋಡಿ ಸುಮ್ಮನಾದರೂ ಇದೇ ಕಷ್ಟ. ಕಾರು ೧,೨೦೦ ಕಿಲೋ ಎನ್ನಿ. ಟ್ರೇಲರು ೬೦೦ ಕಿಲೋ. ಅಲ್ಲಿಗೆ ೧,೮೦೦ ಆಯಿತು. ಬಿಡಿ ಟೈರು, ಹತ್ಯಾರು, ಇಂಧನದ ಡಬ್ಬಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಈ ಒಟ್ಟು ತೂಕವನ್ನು ಎಳೆಯುವ ವಾಹನಕ್ಕೆ ಅದರ ತಯಾರಕರು ಗೊತ್ತುಮಾಡಿದ ಮಿತಿಯೊಡನೆ ಹೋಲಿಸಬೇಕು. ಮಿತಿಯ ಅಂಚಿಗೆ ಹೋಗದೆ ಒಂದಿಷ್ಟು ಉಳಿಸಿಕೊಳ್ಳಬೇಕು. ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು, ಅಂದರೆ ಇಲ್ಲಿ ೧೮೦ರಿಂದ ೨೭೦ ಕಿಲೋ, ಕೊಂಡಿಯ ಮೇಲೆ ಕೂರುವಂತೆ ಕಾರನ್ನು ಹಿಂದೆ ಮುಂದೆ ಸರಿಸಿ ಕಟ್ಟಬೇಕು. ಅಷ್ಟನ್ನು ಹೊರಲು ಆ ಕೊಂಡಿ ತಕ್ಕದ್ದೇ ಎಂಬುದನ್ನೂ ನೋಡಬೇಕು. ಕಡಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರು ಹಾವಿನಂತೆ ಹೊಯ್ದಾಡುತ್ತದೆ. ಹೆಚ್ಚಾದರೆ ಎಳೆಯುವ ವಾಹನದ ಹಿಂಭಾಗ ಕುಸಿದು, ಮುಂದಿನ ಗಾಲಿಗಳು ಹಗುರವಾಗಿ, ತಿರುಗಿಸಿದತ್ತ ತಿರುಗುವುದಿಲ್ಲ. ನಮ್ಮ ಅಜ್ಜಂದಿರ ಹಿಂಭಾರ, ಮುಂಭಾರ ಇವೇ ಅಲ್ಲವೇ?

ಇನ್ನೊಂದು ಮಾತು ತಡೆಯದು. ಎಳೆಯುವ ಬಲ ಸಾಲದೆ ಹೋದರೆ ಗಾಡಿ ನಿಲ್ಲುತ್ತದೆ, ಅಷ್ಟೆ. ನಿಲ್ಲಿಸುವ ಬಲ ಸಾಲದೆ ಹೋದರೆ ಪ್ರಾಣ ಹೋಗುತ್ತದೆ. ನ್ಯಾಮತಿಯ ಕಡೆಯ ಇಳಿಜಾರಿನಲ್ಲಿ ಹೊರೆ ಹೊತ್ತ ಟ್ರೇಲರಿಗೆ ತನ್ನದೇ ಬ್ರೇಕು ಇರದಿದ್ದರೆ ಅದು ಮುಂದಿನ ವಾಹನವನ್ನು ತಳ್ಳುತ್ತದೆ. ಎರಡೂ ಚಾಕುವಿನಂತೆ ಮಡಚಿಕೊಳ್ಳುತ್ತವೆ. ಕತ್ತಲಲ್ಲಿ ಹಿಂದೀಪವಿಲ್ಲದ, ಹೊಳೆಯುವ ಪಟ್ಟಿಯೂ ಇಲ್ಲದ ಟ್ರೇಲರು ರಸ್ತೆಯಲ್ಲಿ ನಿಂತ ಗೋಡೆಗೆ ಸಮಾನ. ಹಿಂದೆ ಗಾಡಿಯ ಅಡಿಯಲ್ಲಿ ಒಂದು ಲಾಟೀನನ್ನು ತೂಗುಹಾಕುತ್ತಿದ್ದರು. ಆ ಲಾಟೀನು ಹೊಡೆಯುವವನಿಗೆ ದಾರಿ ಕಾಣಲೆಂದಲ್ಲ, ಬೇರೆಯವರಿಗೆ ಗಾಡಿ ಕಾಣಲೆಂದು.

ಹೀಗೆ ಎಂಜಿನ್ನು ಬಂದ ಮೇಲೆ ಎತ್ತಿನ ಗತಿಯೇನು? ಕಾವಲುಗಳು ಒಂದೊಂದಾಗಿ ಬೇರೆ ಕಾರ್ಯಗಳಿಗೆ ಹೋದವು. ಜಗಳೂರಿನ ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಸೇರಿತು. ಕುರಿ ದನ ಮೇಯಿಸುವವರು ಪ್ರತಿಭಟಿಸಿದರು, ವಿವಾದ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ೨೦೧೭ರಲ್ಲಿ ಅಲ್ಲಿ ವಿಮಾನಗಳ ಪರೀಕ್ಷಾ ನೆಲೆ ಆರಂಭವಾಯಿತು. ತೋಪು ಎಳೆಯುವ ಎತ್ತಿಗಾಗಿ ಕಾಯ್ದಿರಿಸಿದ ಹುಲ್ಲಿನ ಮೇಲೆ ಪೈಲಟ್ಟಿಲ್ಲದ ವಿಮಾನ ಹಾರುತ್ತಿದೆ. ಇತ್ತ ಹೊನ್ನಾಳಿ, ನ್ಯಾಮತಿ, ಶಿಕಾರಿಪುರಗಳ ಕಡೆ ದೀಪಾವಳಿಯ ಹಿಂದುಮುಂದೆ ಹೋರಿ ಹಬ್ಬ ನಡೆಯುವಾಗ, ಸಿಂಗರಿಸಿದ ಹೋರಿ ಸರಕು ವಾಹನದ ಮೇಲೆ ನಿಂತು ಊರಿಂದೂರಿಗೆ ಬರುತ್ತದೆ. ಎಳೆಯುತ್ತಿದ್ದದ್ದು ಈಗ ಹೊರೆಯಾಗಿದೆ.

ಕಾಲ ಬದಲಾಯಿತೆಂದು ಕೊರಗಿ ಫಲವಿಲ್ಲ. ಟ್ರ್ಯಾಕ್ಟರನ್ನು ಬಿಟ್ಟು ಎತ್ತಿಗೆ ಮರಳಿರೆಂದು ಯಾರೂ ಹೇಳಲಾರರು. ಆದರೆ ೧೮೬೦ರ ಲೆಕ್ಕಪತ್ರವನ್ನು ಮರೆಯಬಾರದು. ಇಂದು ಬೇಡವೆಂದು ಮಾರಿದ ತಳಿಯನ್ನು ನಾಳೆ ಬೇಕೆಂದರೆ ಅಂಗಡಿಯಲ್ಲಿ ಕೊಳ್ಳಲು ಬರುವುದಿಲ್ಲ. ಆಗ ತಪ್ಪನ್ನು ತಿದ್ದಿಕೊಳ್ಳಲು ಮಂದೆಗಳ ಶೇಷವಾದರೂ ನಾಡಿನಲ್ಲಿ ಉಳಿದಿತ್ತು. ಇನ್ನೊಮ್ಮೆ ಆ ಭಾಗ್ಯ ಇರುವುದೆಂಬ ಭರವಸೆಯಿಲ್ಲ. ಅಜ್ಜಂಪುರದ ಮಂದೆಯೂ ಉಳಿದಿರುವ ಕಾವಲುಗಳೂ ಚೆನ್ನಾಗಿರಲಿ ಎಂದು ಕೇಳುವ ಹಕ್ಕು, ಆ ಎತ್ತುಗಳ ಹೆಜ್ಜೆ ಬಿದ್ದ ನಾಲ್ಕು ತಾಲ್ಲೂಕುಗಳ ಜನಕ್ಕೆ ಉಂಟು.

ಉಳಿದಂತೆ, ಮುಂದಿನ ಬಾರಿ ನಿಮ್ಮ ಮನೆಯಿಂದ ಯಾವುದೇ ಗಾಡಿ ಹೊರೆ ಎಳೆದುಕೊಂಡು ಹೊರಡುವಾಗ ಚಾಲಕನನ್ನು ಐದು ನಿಮಿಷ ತಡೆದು ನಿಲ್ಲಿಸಿ. ದಾರಿಯಲ್ಲಿ ಅತಿ ಕೆಟ್ಟ ಜಾಗ ಎಲ್ಲಿ ಎಂದು ಕೇಳಿ. ಕೊಂಡಿಯ ಕೀಲನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಹಿಂದಿನ ದೀಪ ಉರಿಯುತ್ತಿದೆಯೇ ನೋಡಿ. ಆಮೇಲೆ ಬೇಕಾದರೆ ಎಂಜಿನ್ನಿನ ಅಶ್ವಶಕ್ತಿಯನ್ನು ಹೊಗಳೋಣ.